ಹಿಮನಾಡಿನ ಬೇಟೆ

ಪಶ್ಚಿಮ ಅಲಾಸ್ಕದ ಯೂಕಾನ್-ಕುಸ್ಕೊಕ್ವಿಮ್ ಬಯಲು. ಹಳ್ಳಿಯಿಂದ ಹಳ್ಳಿಗೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ನದಿ ಕಲ್ಲಾಗುತ್ತದೆ. ಬಿರುಗಾಳಿ ಎದ್ದರೆ ಪುಟ್ಟ ವಿಮಾನಗಳು ನೆಲ ಬಿಟ್ಟು ಏಳುವುದಿಲ್ಲ. ಅಂಥ ಕಡೆ ಯೂಪಿಕ್ ಜನರ ಮನೆಗಳಿಗೆ ಹೆಪಟೈಟಿಸ್ ಬಿ ನುಗ್ಗಿತ್ತು. ವರ್ಷಗಟ್ಟಲೆ ಲಿವರ್‌ನಲ್ಲಿ ಅಡಗಿ ಕೂತ ವೈರಸ್ಸು ಒಂದು ದಿನ ಕ್ಯಾನ್ಸರ್ ಆಗಿ ಎರಗುತ್ತಿತ್ತು. ಹಿರಿಯರ ಮೇಲಷ್ಟೇ ಅಲ್ಲ, ಎಳೆಯ ಮಕ್ಕಳ ಮೇಲೂ! ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರುವಷ್ಟರಲ್ಲಿ ಕಾಲ ಮಿಂಚಿರುತ್ತಿತ್ತು.

1982. ಡಾ. ಬ್ರಯಾನ್ ಮೆಕ್‌ಮಹೊನ್ ತಂಡ ಬೇಟೆಗಿಳಿಯಿತು. ಕೈಯಲ್ಲಿದ್ದ ಸುಳಿವು ಒಂದೇ: ಆಲ್ಫಾ ಫೀಟೋಪ್ರೋಟೀನ್. ಗರ್ಭದ ಶಿಶುವಿನಲ್ಲಿ ಹೇರಳವಾಗಿದ್ದು ಹುಟ್ಟಿದ ಮೇಲೆ ಇಳಿದುಹೋಗುವ ಈ ಪ್ರೋಟೀನು, ಲಿವರ್‌ನಲ್ಲಿ ಗಡ್ಡೆ ಮೊಳೆತಾಗ ಎಷ್ಟೋ ಸಲ ಮತ್ತೆ ತಲೆಯೆತ್ತುತ್ತದೆ. ಹಾಗಾದರೆ ಹಿಡಿಯಿರಿ ಅದನ್ನು! ವೈರಸ್ ಹೊತ್ತ 1,487 ಜನ. ಆರು ತಿಂಗಳಿಗೊಮ್ಮೆ ರಕ್ತ. ಹದಿನಾರು ವರ್ಷ! ತೋಳಿಗೆ ಪಟ್ಟಿ ಬಿಗಿದು ಸೂಜಿ ಚುಚ್ಚಬೇಕು, ನಳಿಕೆ ತುಂಬಬೇಕು, ಹವೆ ಕೆಡುವ ಮೊದಲೇ ಅದು ವಿಮಾನ ಹತ್ತಬೇಕು.

ಮಿಲಿಲೀಟರಿಗೆ 10 ನ್ಯಾನೊಗ್ರಾಂ ದಾಟಿತೋ, ಎಲ್ಲರೂ ಎದ್ದು ನಿಂತರೆಂದೇ ಲೆಕ್ಕ. ಮರುಪರೀಕ್ಷೆ. ಅಲ್ಟ್ರಾಸೌಂಡ್. ಪರದೆಯ ಮೇಲೆ ಕೆಲವೇ ಸೆಂಟಿಮೀಟರಿನ ಒಂದು ಕಲೆ! ರೋಗಿಗೆ ನೋವಿಲ್ಲ, ಹಸಿವು ಕೆಟ್ಟಿಲ್ಲ. ಕೊಯ್ಯಬೇಕಾದದ್ದು ಆಗಲೇ. ಗಡ್ಡೆಯಿದ್ದ ಭಾಗ ಕತ್ತರಿಸಿ ತೆಗೆದರೆ, ಉಳಿದದ್ದು ಗಟ್ಟಿಯಾಗಿದ್ದಲ್ಲಿ ವಾರಗಳಲ್ಲೇ ಬೆಳೆದು ಜಾಗ ತುಂಬಿಕೊಳ್ಳುತ್ತದೆ. ಲಿವರ್‌ನ ಈ ಛಲಕ್ಕೆ ಕೈಮುಗಿಯಲೇಬೇಕು.

ಎಲ್ಲರೂ ಗೆಲ್ಲಲಿಲ್ಲ. ಕೆಲವು ಗಡ್ಡೆಗಳು ಪ್ರೋಟೀನಿನ ಸುಳಿವೇ ಕೊಡದೆ ಬೆಳೆದವು, ಕೆಲವು ಕೊಯ್ದ ಮೇಲೂ ಮರುಕಳಿಸಿದವು. ಆದರೂ ಕ್ಯಾನ್ಸರ್ ಪತ್ತೆಯಾದವರಲ್ಲಿ ನೂರಕ್ಕೆ 42 ಮಂದಿ ಐದು ವರ್ಷ, 30 ಮಂದಿ ಹತ್ತು ವರ್ಷ ದಾಟಿದರು. ತಿಂಗಳುಗಳ ಲೆಕ್ಕದಲ್ಲಿ ಸಾವು ಬರುತ್ತಿದ್ದ ಕಾಯಿಲೆಯಿದು! ಅತ್ತ ಹಸುಗೂಸುಗಳಿಂದ ಹಿಡಿದು ದೊಡ್ಡವರವರೆಗೆ ಲಸಿಕೆ ನಡೆದಿತ್ತು. 1999ರ ನಂತರ ಒಂದು ದಶಕ ಕಳೆದರೂ ಅಲ್ಲಿನ ಮೂಲನಿವಾಸಿಗಳಲ್ಲಿ 20 ವರ್ಷದೊಳಗಿನ ಒಬ್ಬರಿಗೂ ಈ ಕ್ಯಾನ್ಸರ್ ಬರಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ.

ಹೆಪಟೈಟಿಸ್ ಬಿ ನಮ್ಮ ನಡುವೆಯೂ ಇದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ವೈರಸ್ ಇದ್ದು, ಆರು ತಿಂಗಳಿಗೊಮ್ಮೆ ಬನ್ನಿ ಎಂದು ವೈದ್ಯರು ಹೇಳಿದರೆ ಒಂದು ಸಲವೂ ತಪ್ಪಿಸಬೇಡಿ. ಹೊಟ್ಟೆನೋವು ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ.