ಪಿಪ್‌ನ ಒರಟು ಕೈಗಳು

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿ, "ಸಾರ್, ಮಗನಿಗೆ ಹದಿನಾರು ತುಂಬಿತು. ಯಾವಾಗಲೂ ಪ್ರೇಮಕಥೆಗಳನ್ನೇ ಓದುತ್ತಾನೆ. ಒಳ್ಳೆಯದೊಂದನ್ನು ನೀವೇ ಹೇಳಿ" ಎಂದಳು. ಹೆಚ್ಚು ಯೋಚಿಸದೆ ಚಾರ್ಲ್ಸ್ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಎಂದೆ. "ಅದು ಪ್ರೇಮದ ಕಾದಂಬರಿಯೇ ಸಾರ್?" ಎಂದು ನಕ್ಕಳು. ಆಗ ಸರಿಯಾಗಿ ಉತ್ತರಿಸಲಾಗಲಿಲ್ಲ, ಈಗ ಪ್ರಯತ್ನಿಸುತ್ತೇನೆ.

ಡಿಕನ್ಸ್ ಇದನ್ನು 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ತನ್ನದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದನು. ನಾಯಕ ಪಿಪ್ ತಬ್ಬಲಿ. ಇಂಗ್ಲೆಂಡಿನ ಕೆಂಟ್ ಸೀಮೆಯ ಜೌಗುನೆಲದ ಹಳ್ಳಿಯಲ್ಲಿ, ಮಾತಿಗೆ ಮುಂಚೆ ಕೈಯೆತ್ತುವ ಅಕ್ಕನ ಮನೆಯಲ್ಲಿ ಬೆಳೆಯುತ್ತಾನೆ. ಭಾವ ಜೋ ಕಮ್ಮಾರ, ಅಕ್ಷರ ಬಾರದವನು. ಹುಡುಗನ ಏಕಮಾತ್ರ ಗೆಳೆಯನೂ ಅವನೇ. ಒಂದು ದಿನ ಪಿಪ್‌ನನ್ನು ಮಿಸ್ ಹ್ಯಾವಿಶಾಮ್ ಎಂಬ ಶ್ರೀಮಂತೆಯ ಮನೆಗೆ ಆಡಲು ಕಳುಹಿಸುತ್ತಾರೆ. ಮದುವೆಯ ದಿನವೇ ವರನಿಂದ ವಂಚಿತಳಾಗಿ, ಮನೆಯ ಗಡಿಯಾರಗಳನ್ನು ಎಂಟು ನಲವತ್ತಕ್ಕೆ ನಿಲ್ಲಿಸಿ, ಮದುವಣಗಿತ್ತಿಯ ಉಡುಪಿನಲ್ಲಿಯೇ ಸೊರಗಿಹೋದವಳು ಅವಳು. ಅವಳ ಸಾಕುಮಗಳು ಎಸ್ಟೆಲ್ಲಾ ಇಸ್ಪೀಟಾಡುತ್ತ ಪಿಪ್‌ನನ್ನು ಹೀಗಳೆಯುತ್ತಾಳೆ: ದೊಡ್ಡವರು 'ನೇವ್' ಎನ್ನುವ ಎಲೆಗೆ ಇವನು 'ಜ್ಯಾಕ್' ಎನ್ನುತ್ತಾನೆ, ಇವನ ಕೈಗಳು ಒರಟು, ಬೂಟುಗಳು ದಪ್ಪ.

ಅಷ್ಟೇ! ಅದುವರೆಗೆ ಪಿಪ್ ತನ್ನ ಕೈಗಳನ್ನು ಹಾಗೆ ನೋಡಿಕೊಂಡವನೇ ಅಲ್ಲ. ಜೋ ಇನ್ನಷ್ಟು ನಾಗರಿಕನಾಗಿ ಬೆಳೆದಿದ್ದರೆ ತಾನೂ ಹಾಗಾಗುತ್ತಿದ್ದೆನಲ್ಲಾ ಎಂದು ಅವನಿಗೆ ಅಂದೇ ಅನ್ನಿಸುತ್ತದೆ. ಆ ವಯಸ್ಸಿನಲ್ಲಿ ಪ್ರೀತಿಯೂ ನಾಚಿಕೆಯೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಬರೆದವರನ್ನು ನಾನು ಹೆಚ್ಚು ಓದಿಲ್ಲ. ಅವಳನ್ನು ಮೆಚ್ಚಿಸಲು ಪಿಪ್ ತೆತ್ತ ಬೆಲೆಯೆಲ್ಲವೂ ಜೋನ ಗಂಟು.

ಡಿಕನ್ಸ್‌ಗೆ ಇದು ಕೇಳಿದ ಕಥೆಯಲ್ಲ. 1824ರಲ್ಲಿ, ತಂದೆ ಸಾಲಕ್ಕಾಗಿ ಮಾರ್ಶಲ್‌ಸೀ ಸೆರೆಮನೆ ಸೇರಿದಾಗ, ಹನ್ನೆರಡರ ಆ ಬಾಲಕ ಬೂಟಿನ ಮಸಿಯ ಕಾರ್ಖಾನೆಯಲ್ಲಿ ಶೀಶೆಗಳಿಗೆ ಚೀಟಿ ಅಂಟಿಸುತ್ತಿದ್ದನು. ಲೋಕಪ್ರಸಿದ್ಧನಾದ ಮೇಲೂ ಅದನ್ನು ಬಚ್ಚಿಟ್ಟನು. ಓದುಗರಿಗೆ ತಿಳಿದದ್ದು 1870ರಲ್ಲಿ ಅವನು ತೀರಿಕೊಂಡ ನಂತರ, ಮಿತ್ರ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ.

ಪಿಯುಸಿಯಲ್ಲಿ ನಮಗೆ ಇದರ ಸಂಕ್ಷಿಪ್ತ ರೂಪ ಪಠ್ಯವಾಗಿತ್ತು. ಪರೀಕ್ಷೆಗೆ ಓದಿ ಮರೆತೆ. ಆ ವರ್ಷವೇ ತರಗತಿಯ ಹುಡುಗಿಯೊಬ್ಬಳು, ಹಾಲಿಗೆ 'ಆಲು', ಹಳ್ಳಿಗೆ 'ಅಳ್ಳಿ' ಎನ್ನುತ್ತಿದ್ದ ನನ್ನ ಮಾತು ಕೇಳಿ ಕಿಸಕ್ಕನೆ ನಕ್ಕಿದ್ದಳು. ಕೆಟ್ಟವಳಲ್ಲ, ಪಾಪ. ಆದರೆ ಅಂದಿನಿಂದ ನಾನು ಕೋಣೆಯಲ್ಲಿ ಒಬ್ಬನೇ ಕುಳಿತು ಹಕಾರ ತಿದ್ದಿಕೊಳ್ಳತೊಡಗಿದೆ. (ನಿಮ್ಮ ಉಚ್ಚಾರಣೆಯ ಬಗ್ಗೆ ತರಗತಿಯಲ್ಲಿ ನಾನೇಕೆ ಅಷ್ಟು ಕಟ್ಟುನಿಟ್ಟಾಗಿದ್ದೆನೆಂಬುದು ಈಗ ತಿಳಿಯಿತಲ್ಲವೇ!)

ದಸರೆಗೆ ಮುಂಚೆ ತಂದೆಯವರು ಹಾಸ್ಟೆಲಿಗೆ ಬಂದರು. ಹೊಲಿಗೆ ಯಂತ್ರದ ಮುಂದೆ ಕುಳಿತ ಅವರ ನೆನಪು ಬಂಧುಗಳಲ್ಲಿ ಹಲವರಿಗಿದೆ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಬಸ್ಸಿನ ಆತುರದಲ್ಲಿ ತೆಗೆಯಲು ಮರೆತಿದ್ದರು. ಗೇಟಿನಲ್ಲೇ ಚೀಲ ತೆಗೆದುಕೊಂಡೆ. "ಕೋಣೆ ಎಂಗದೆ ನೋಡಬೌದಾ ಮಗ?" ಎಂದರು. ವಾರ್ಡನ್ ಬಿಡುವುದಿಲ್ಲ ಎಂದೆ. ಅಂತಹ ನಿಯಮವೇನೂ ಇರಲಿಲ್ಲ. ಚೀಲದಲ್ಲಿ ನಿಪ್ಪಟ್ಟು, ಅವರೇ ಹೊಲಿದ ಎರಡು ಅಂಗಿ.

ಕಾದಂಬರಿಯನ್ನು ಪೂರ್ಣವಾಗಿ ಓದಿದ್ದು ಮೇಷ್ಟರಾದ ಮೇಲೆ. ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಜೋ ಲಂಡನ್ನಿಗೆ ಬರುತ್ತಾನೆ. ಹಣ ಕೊಟ್ಟಾದರೂ ಈ ಭೇಟಿಯನ್ನು ತಪ್ಪಿಸುವಂತಿದ್ದರೆ ಎಂದು ಪಿಪ್ ಹಂಬಲಿಸುತ್ತಾನೆ. ಜೋನ ಟೋಪಿ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಿಂದ ಮತ್ತೆ ಮತ್ತೆ ಬೀಳುತ್ತದೆ; ತಾನು ಎತ್ತಿ ಬೆಳೆಸಿದವನನ್ನೇ ಅವನು 'ಸರ್' ಎನ್ನುತ್ತಾನೆ. ಪುಸ್ತಕ ಮುಚ್ಚಿಟ್ಟೆ. ಮುಂದಿನ ಪುಟಕ್ಕೆ ಹೋಗಲು ಕೆಲವು ದಿನ ಬೇಕಾದವು. ತಂದೆಯವರು ಆಗ ಇನ್ನೂ ಇದ್ದರು. ಆ ವಾರ್ಡನ್ನನ ವಿಷಯವನ್ನು ಹೇಳಬಹುದಿತ್ತು. ಹೇಳಲಿಲ್ಲ.

ಎಸ್ಟೆಲ್ಲಾಳ ಕಥೆ ಏನಾಯಿತೆಂದು ಕೇಳುವಿರೇನೋ. ಡಿಕನ್ಸ್ ಮೊದಲು ಇಬ್ಬರನ್ನೂ ದೂರವಾಗಿಸಿದ್ದನು. ಗೆಳೆಯ ಬುಲ್ವರ್ ಲಿಟನ್‌ನ ಸಲಹೆಯಂತೆ ಕೊನೆಯನ್ನು ಬದಲಿಸಿ ಪಾಳುಬಿದ್ದ ತೋಟದಲ್ಲಿ ಮತ್ತೆ ಭೇಟಿ ಮಾಡಿಸಿದನು. ನನಗೆ ಮೊದಲಿನದೇ ಮೆಚ್ಚುಗೆ. ಅದೇನೇ ಇರಲಿ, ಆಕೆಯ ಮಗ ಸಂಕ್ಷಿಪ್ತ ಪ್ರತಿಯನ್ನು ಓದುವುದು ಬೇಡ. ನಮ್ಮ ಪಠ್ಯದಲ್ಲಿ ಜೋನ ಲಂಡನ್ ಭೇಟಿ ಎರಡು ವಾಕ್ಯಗಳಲ್ಲಿ ಮುಗಿದಿತ್ತು.