ನಾರಾ ನಗರದಲ್ಲಿ ಒಂದು ದಿನ

ಮಕ್ಕಳು ಪರದೇಶಕ್ಕೆ ಹೊರಟರೆಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಅಲ್ಲಿಂದ ಏನು ಕಲಿತು ಬರುತ್ತೀರಿ?’ ಎಂಬುದು. 18 ಮಂದಿ ವಿದ್ಯಾರ್ಥಿಗಳೊಡನೆ ಜಪಾನಿಗೆ ಹೊರಟ ಅಧ್ಯಾಪಕರಾದ ನಮಗೂ ಈ ಪ್ರಶ್ನೆ ಎದುರಾಗಿತ್ತು. ವೇಗದ ರೈಲು, ಕಾರ್ಖಾನೆ, ಯಂತ್ರಮಾನವ ಇವೇ ನಮ್ಮ ಉತ್ತರವಾಗಿದ್ದವು. ನಾರಾ ನಗರದಲ್ಲಿ ಕಳೆದ ಒಂದು ದಿನ ಆ ಉತ್ತರಕ್ಕೆ ಹೊಸತೊಂದನ್ನು ಸೇರಿಸಿತು.

ಓಸಾಕಾದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ನಾರಾ, ಕ್ರಿ.ಶ. 710ರಿಂದ 784ರವರೆಗೆ ಬಹುಕಾಲ ಜಪಾನಿನ ರಾಜಧಾನಿಯಾಗಿತ್ತು. ಅಲ್ಲಿಯ ಉದ್ಯಾನದಲ್ಲಿ ಸಾವಿರಕ್ಕೂ ಮಿಕ್ಕಿದ ಜಿಂಕೆಗಳು ನಿರ್ಭಯವಾಗಿ ಸಂಚರಿಸುತ್ತವೆ. ತಿಂಡಿ ಹಿಡಿದವರ ಮುಂದೆ ತಲೆಬಾಗುವ ಅವುಗಳನ್ನು ಕಂಡು ನಮ್ಮ ಮಕ್ಕಳು ಕೈ ಮುಗಿದು ನಕ್ಕರು.

ನಮಗೆ ದಾರಿ ತೋರಲು ಬಂದಿದ್ದ ಜಪಾನೀ ವಿದ್ಯಾರ್ಥಿನಿ ತೋದಾಯ್‌ಜಿ ದೇವಾಲಯಕ್ಕೆ ಕರೆದೊಯ್ದಳು. ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧಮೂರ್ತಿಯೆದುರು ಗದ್ದಲದ ತಂಡ ತಾನೇ ಮೌನವಾಯಿತು. 1180 ಮತ್ತು 1567ರ ಯುದ್ಧಗಳಲ್ಲಿ ಈ ಮಂದಿರ ಸುಟ್ಟುಹೋಯಿತು. ಇಂದಿನ ಮರದ ಕಟ್ಟಡ 1709ರಲ್ಲಿ ಪೂರ್ಣಗೊಂಡದ್ದು.

ಆಕೆ ಹೇಳಿದ ಕಥೆ ನಮ್ಮನ್ನು ಇನ್ನಷ್ಟು ಸೆಳೆಯಿತು. 743ರಲ್ಲಿ ಶೋಮು ಚಕ್ರವರ್ತಿ ಮೂರ್ತಿಯ ನಿರ್ಮಾಣಕ್ಕೆ ಆಜ್ಞೆ ಹೊರಡಿಸಿದಾಗ, ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದವನ ನೆರವನ್ನೂ ಸ್ವೀಕರಿಸಬೇಕೆಂದು ತಿಳಿಸಿದನಂತೆ. ಸೇತುವೆ, ಕೆರೆಗಳನ್ನು ಕಟ್ಟಿಸಿ ಜನರ ಪ್ರೀತಿ ಗಳಿಸಿದ್ದ ಗ್ಯೋಕಿ ಎಂಬ ಭಿಕ್ಷು ಈ ಕಾರ್ಯಕ್ಕೆ ಜನರನ್ನು ಕೂಡಿಸಿದ. ಅಳಿಲು ಸೇವೆಯ ಮಾತು ಕೇಳಿ ಬೆಳೆದ ನಮಗೆ ಇದು ಪರದೇಶದ ಕಥೆಯೆನಿಸಲಿಲ್ಲ.

752ರಲ್ಲಿ ಮೂರ್ತಿಗೆ ಕಣ್ಣು ಬರೆಯುವ ಉತ್ಸವ ನಡೆಯಿತು. ಆ ಕುಂಚವನ್ನು ಹಿಡಿದವರು ಭಾರತದ ಬೋಧಿಸೇನರು! ದಕ್ಷಿಣ ಭಾರತದವರೆಂದು ಜಪಾನಿನ ಪರಂಪರೆ ಸ್ಮರಿಸುವ ಈ ಭಿಕ್ಷು ಚೀನಾದ ಮಾರ್ಗವಾಗಿ 736ರಲ್ಲಿ ಅಲ್ಲಿಗೆ ಬಂದಿದ್ದರು. ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ನಿಂತರಂತೆ. ಕುಂಚ ಮುಟ್ಟಲಾಗದವರೂ ಕಣ್ಣು ಬರೆದ ಪುಣ್ಯದಲ್ಲಿ ಪಾಲುಗೊಳ್ಳಲೆಂಬುದು ಇದರ ಆಶಯ. ಆ ಕುಂಚ, ಆ ದಾರ ಎರಡೂ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿವೆ.

‘ಸರ್, ಅವರು ತಿರುಗಿ ಊರಿಗೆ ಹೋಗಲಿಲ್ಲವೇ?’ ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಲ್ಲ, ಬೋಧಿಸೇನರು 760ರಲ್ಲಿ ಜಪಾನಿನಲ್ಲಿಯೇ ದೇಹವಿಟ್ಟರು. ಉನ್ನತ ವ್ಯಾಸಂಗಕ್ಕೆ ಪರದೇಶಕ್ಕೆ ಹೋಗುವ ಆಸೆ ಆ ಹುಡುಗಿಗೆ. ಮಗಳು ದೂರವಾದಾಳೆಂಬ ಅಂಜಿಕೆ ಅವಳ ತಾಯಿಗೆ. ತುಸು ಹೊತ್ತು ಸುಮ್ಮನಿದ್ದು ಅವಳೇ ಹೇಳಿದಳು: ‘ಅವರು ಬರಿಗೈಯಲ್ಲಿ ಬರಲಿಲ್ಲ, ಸರ್. ಅದಕ್ಕೇ ಇವರು ಇನ್ನೂ ಮರೆತಿಲ್ಲ.’ ನಾವು ಸೇರಿಸಬೇಕಾದದ್ದೇನೂ ಉಳಿದಿರಲಿಲ್ಲ.

ಮಧ್ಯಾಹ್ನ ಉಪಾಹಾರ ಗೃಹವೊಂದರಲ್ಲಿ ಸಾರಿಗೆ ಮೀನಿನ ರಸ ಬೆರೆಸುತ್ತಾರೆಂದು ಆ ಜಪಾನೀ ಹುಡುಗಿ ತಾನಾಗಿಯೇ ವಿಚಾರಿಸಿ ನಮ್ಮನ್ನು ಎಚ್ಚರಿಸಿದಳು. ನಾವು ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಅವಳ ಪಾಲಿಗೂ ಬಂದವು. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ತುಣುಕು ಕೇಳಿದಳು.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಕಡಲಾಚೆಗೆ ಹೋಗುತ್ತಿದ್ದಾರೆ. ಅವರು ಏನು ತರುವರೆಂದು ಕೇಳುವುದು ಸಹಜ. ಅದರೊಡನೆ, ಅಲ್ಲಿಯವರಿಗೆ ಏನು ಕೊಟ್ಟು ಬರುವರೆಂದೂ ಕೇಳೋಣ. ಬುತ್ತಿಯ ಜೊತೆಗೆ ನಮ್ಮ ನಾಡಿನ ತಿಳಿವಳಿಕೆಯನ್ನೂ, ನಡೆನುಡಿಯನ್ನೂ ಕಟ್ಟಿ ಕಳುಹಿಸುವುದು ಮನೆಯ ಹಿರಿಯರ ಕೆಲಸ. ಕುಂಚ ಹಿಡಿಯುವ ಭಾಗ್ಯ ಎಲ್ಲರಿಗೂ ಬಾರದು. ದಾರ ಹಿಡಿಯುವ ಅವಕಾಶ ಎಲ್ಲರಿಗೂ ಉಂಟು.