ಠಕ್ಕರ ಕಥೆಯೂ ಸುರಪುರದ ಅರಸನೂ

ಕನ್ನಡಿಗರಿಗೆ 'ಠಕ್ಕ' ಎಂಬ ಮಾತು ಹೊಸದಲ್ಲ. ಅಳತೆಯಲ್ಲಿ ಸೇರು ಕಡಿಮೆ ಹಾಕುವ ವರ್ತಕನೂ ಠಕ್ಕನೇ. ಉಪವಾಸದ ಸೋಗು ಹಾಕಿ ಹಿತ್ತಿಲಲ್ಲಿ ಹಾಲು ಕುಡಿಯುವ ಬೈರಾಗಿಯೂ ಠಕ್ಕನೇ. ಬೈಗುಳವೆಂದರೆ ಬೈಗುಳ, ಮುದ್ದಿನ ಮಾತೆಂದರೆ ಮುದ್ದಿನ ಮಾತು. ಮೊಮ್ಮಗನನ್ನು ಅಜ್ಜಿಯು ಹಾಗೆ ಕರೆದರೆ ಯಾರೂ ಪೋಲೀಸರನ್ನು ಕರೆಯಿಸುವದಿಲ್ಲ. ಈ ಬಡ ಶಬ್ದದ ಒಡಹುಟ್ಟಾದ 'ಠಗ' ಎಂಬುದು ಹಿಂದೀ ಭಾಷೆಯಿಂದ ಹಡಗವನ್ನೇರಿ ಇಂಗ್ಲಂಡಕ್ಕೆ ಹೋಗಿ, ಅಲ್ಲಿ ಒಂದು ಭಯಂಕರವಾದ ಗುಪ್ತಸಂಘದ ಹೆಸರಾಗಿ ಮೆರೆಯಿತು. ಅದನ್ನು ಮೆರೆಯಿಸಿದವನು ನಮ್ಮ ಸೀಮೆಯಲ್ಲಿಯೇ ಬಹುಕಾಲ ಬಾಳಿದವನು.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರಪೂಲ ಪಟ್ಟಣದಲ್ಲಿ ಹುಟ್ಟಿದನು. ಲಿವರಪೂಲ ಸಮುದ್ರ ವ್ಯಾಪಾರದ ಊರು. ಇವನು ಹುಟ್ಟುವ ಹಿಂದಿನ ವರುಷವಷ್ಟೇ ಗುಲಾಮರ ವ್ಯಾಪಾರವನ್ನು ಅಲ್ಲಿಯ ಸರಕಾರವು ಕಾಯದೆಯಿಂದ ನಿಲ್ಲಿಸಿತ್ತು. ತಂದೆಯ ವ್ಯಾಪಾರವು ಇಳಿಮುಖವಾದದ್ದರಿಂದ ಹದಿನೈದು ವರ್ಷದ ಹುಡುಗನು 1824ರಲ್ಲಿ ಮುಂಬಯಿಯ ಒಬ್ಬ ವರ್ತಕನ ಕೈಕೆಳಗೆ ಕೆಲಸಕ್ಕೆಂದು ಬಂದನು. ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬನ ಕೃಪೆಯಿಂದ ಅದೇ ವರುಷ ನಿಜಾಮರ ಸೈನ್ಯದಲ್ಲಿ ಅವನಿಗೆ ಚಾಕರಿ ದೊರೆಯಿತು. ಮರಾಠಿ, ಹಿಂದುಸ್ಥಾನಿಗಳನ್ನು ಕಲಿತನು. ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ಮದುವೆಯಾದನು. ತೋಪು ತುಪಾಕಿಗಳಿಗಿಂತ ಜನರ ಮಾತು ಕೇಳುವದರಲ್ಲಿಯೇ ಅವನಿಗೆ ಹೆಚ್ಚು ರುಚಿಯಿತ್ತೆಂದು ಅವನ ಬರೆಹಗಳೇ ಸಾರುತ್ತವೆ.

1830ರ ಆಚೆಈಚೆಗೆ ಕಂಪನಿಯ ಅಧಿಕಾರಿಯಾದ ಸ್ಲೀಮನನು ದಾರಿಕಾರರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುವ ತಂಡಗಳನ್ನು ಬೆನ್ನಟ್ಟಿ ಹಿಡಿಯತೊಡಗಿದ್ದನು. ಆಗ ಹಿಂಗೋಲಿಯಲ್ಲಿದ್ದ ಟೇಲರನ ಪಾಲಿಗೆ ಅಂಥವರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವು ಬಂದಿತು. ದಿನದಿನವೂ ಕೊಲೆಯ ಕಥೆ ಕೇಳಿದನು. ಕೇಳಿದ್ದನ್ನು ಕಾದಂಬರಿಯಾಗಿ ಹೆಣೆದು 1839ರಲ್ಲಿ ಲಂಡನದಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. 'ಕನ್ಫೆಶನ್ಸ್ ಆಫ್ ಎ ಥಗ್', ಎಂದರೆ 'ಒಬ್ಬ ಠಕ್ಕನ ತಪ್ಪೊಪ್ಪಿಗೆ', ಎಂಬ ಈ ಗ್ರಂಥದಲ್ಲಿ ಅಮೀರ ಅಲಿ ಎಂಬವನು ಒಬ್ಬ ಸಾಹೇಬನ ಮುಂದೆ ಕುಳಿತು ತನ್ನ 719 ಕೊಲೆಗಳನ್ನು ವರ್ಣಿಸುತ್ತಾನೆ. ತನ್ನ ತಂದೆತಾಯಿಗಳನ್ನು ಕೊಂದವನನ್ನೇ ತಂದೆಯೆಂದು ನಂಬಿ ಬೆಳೆಯುತ್ತಾನೆ. ಗುರುತು ಸಿಕ್ಕದೆ ಒಡಹುಟ್ಟಿದವಳನ್ನೇ ಕೊಲ್ಲುತ್ತಾನೆ. ವಿಕ್ಟೋರಿಯಾ ರಾಣಿಯು ಪುಸ್ತಕ ಹೊರಬೀಳುವ ವರೆಗೂ ತಾಳಲಾರದೆ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿ ಓದಿದಳಂತೆ. ಕೆಲವೇ ವರುಷಗಳಲ್ಲಿ ಫ್ರಾನ್ಸದ ಯೂಜೀನ್ ಸ್ಯೂ ಎಂಬವನ ಕಾದಂಬರಿಯಲ್ಲಿಯೂ ಒಬ್ಬ ಠಕ್ಕನು ಕಾಣಿಸಿಕೊಂಡನು. ಯುರೋಪದ ವಾಚಕರ ಕಣ್ಣಿನಲ್ಲಿ ಹಿಂದುಸ್ಥಾನದ ಪ್ರತಿಯೊಂದು ದಾರಿಯ ಮೇಲೂ ಭವಾನಿಯ ಹೆಸರಿನಲ್ಲಿ ಕೊರಳು ಬಿಗಿಯುವ, ಗುಪ್ತಭಾಷೆಯಾಡುವ, ತಲೆತಲಾಂತರದಿಂದ ಬಂದ ಒಂದೇ ಮಹಾಸಂಘವು ಕುಳಿತುಬಿಟ್ಟಿತು.

ಮನ್ನಳ್ಳಿಯಂಥ ಊರಲ್ಲಿ ಕುಳಿತು ಈ ಕಾದಂಬರಿಯನ್ನು ಓದುವವನಿಗೆ ಮೊದಲು ಸಂತೋಷವೇ ಆಗುವದು. ಹೈದರಾಬಾದಿನ ಚಾರ್‌ಮಿನಾರವಿದೆ, ಕಾರವಾನದ ಗದ್ದಲವಿದೆ, ಸಂಜೆಯ ಬೀಡಿನಲ್ಲಿ ಹೊಗೆಬತ್ತಿಯೊಡನೆ ಹುಟ್ಟುವ ಹೊಸ ಗೆಳೆತನವಿದೆ. ಬೀದರದಿಂದ ಹೈದರಾಬಾದಿಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಹಿರಿಯರ ಕಾಲವು ಕಣ್ಣಿಗೆ ಕಟ್ಟುತ್ತದೆ. ಅಪರಿಚಿತನ ಕೂಡ ಬುತ್ತಿ ಬಿಚ್ಚಬಾರದೆಂಬ ಹಳೆಯ ಬುದ್ಧಿವಾದಕ್ಕೆ ಅರ್ಥ ಹೊಳೆಯುತ್ತದೆ. ಆದರೆ ಎರಡನೆಯ ಸಲ ಓದುವಾಗ ಸಂಶಯವು ತಲೆಯೆತ್ತುವದು. ಇಷ್ಟು ಸೊಗಸಾಗಿ ಕಥೆ ಹೇಳುವವನು ಯಾರಿಗೋಸ್ಕರ ಹೇಳುತ್ತಿದ್ದಾನೆ?

ದಾರಿಗಳ್ಳರೇ ಇರಲಿಲ್ಲವೆಂದು ಯಾರೂ ಹೇಳಲಾರರು. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಿಲ್ಲಿಯ ಜಲಾಲುದ್ದೀನ ಖಿಲಜಿಯು ಸಾವಿರ ಮಂದಿ ಠಕ್ಕರನ್ನು ಹಿಡಿದು, ಕೊಲ್ಲದೆ, ದೋಣಿಗಳಲ್ಲಿ ತುಂಬಿಸಿ ಬಂಗಾಲದ ಕಡೆಗೆ ಅಟ್ಟಿದನೆಂದು ಬರನಿಯು ಬರೆದಿದ್ದಾನೆ. ಬಂಗಾಲದವರು ಈ ಔದಾರ್ಯಕ್ಕೆ ಏನೆಂದರೋ ತಿಳಿಯದು. ನಮ್ಮ ನಾಡಿನಲ್ಲಿಯೂ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ಕೊರಳುಬಿಗಿಯುವವರು ಸೆರೆಸಿಕ್ಕರು. ಮದರಾಸಿನ ವೈದ್ಯ ಶೆರವುಡ್ಡನು 1816ರಲ್ಲಿ ಇಂಥವರ ವಿಷಯವಾಗಿ ಬರೆಯುತ್ತ, ಕನ್ನಡಿಗರು ಇವರನ್ನು 'ತಂತಿ ಕಳ್ಳರು' ಎನ್ನುವರೆಂದು ತಿಳಿಸಿದ್ದಾನೆ. ಎಷ್ಟು ನೇರವಾದ ಹೆಸರು! ತಂತಿಯುಂಟು, ಕಳ್ಳನುಂಟು; ದೇವಿಯಿಲ್ಲ, ದೀಕ್ಷೆಯಿಲ್ಲ, ಸಂಘವಿಲ್ಲ. ದಂಡು ಒಡೆದು ಕೆಲಸ ಕಳೆದುಕೊಂಡ ಸಿಪಾಯಿಗಳು, ಬರಗಾಲದಲ್ಲಿ ನೆಲ ಬಿಟ್ಟ ಒಕ್ಕಲಿಗರು, ಕಳ್ಳರಿಂದ ಪಾಲು ತಿನ್ನುತ್ತಿದ್ದ ಜಮೀನುದಾರರು — ಠಕ್ಕರ ಹಿಂದೆ ಇವರೆಲ್ಲ ಇದ್ದರೆಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ. 2007ರಲ್ಲಿ ಕಿಮ್ ವ್ಯಾಗ್ನರ್ ಎಂಬವರು ಬರೆದ ಗ್ರಂಥವು ಈ ವಿಷಯದಲ್ಲಿ ನೋಡತಕ್ಕದ್ದು.

ಹಾಗಾದರೆ ಮಹಾಸಂಘವು ಎಲ್ಲಿಂದ ಬಂತು? ಮಾಫಿ ಸಾಕ್ಷಿಯ ಬಾಯಿಯಿಂದ. ಸ್ಲೀಮನನ ಪದ್ಧತಿಯೇ ಅದಾಗಿತ್ತು. ಹಿಡಿದವರಲ್ಲಿ ಒಬ್ಬನಿಗೆ ಪ್ರಾಣದಾನ ಮಾಡುವದು, ಅವನಿಂದ ಉಳಿದವರ ಹೆಸರು ಹೇಳಿಸುವದು. 1836ರ ಕಾಯದೆಯಂತೂ ಇಂಥ ಕೊಲೆಯನ್ನೇ ಮಾಡಿದನೆಂದು ಸಿದ್ಧಮಾಡುವ ಅವಶ್ಯಕತೆಯನ್ನೇ ತೆಗೆದುಹಾಕಿತು. ಠಕ್ಕರ ತಂಡಕ್ಕೆ ಸೇರಿದ್ದನೆಂದು ಸ್ಥಿರಪಟ್ಟರೆ ಜನ್ಮಾವಧಿ ಸೆರೆ. 1831ರಿಂದ 1837ರ ವರೆಗೆ ಸಿಕ್ಕಿಬಿದ್ದ 3,266 ಮಂದಿಯಲ್ಲಿ 412 ಜನ ಗಲ್ಲಿಗೇರಿದರು, 483 ಜನ ಸಾಕ್ಷಿ ನುಡಿದು ಬದುಕಿಕೊಂಡರು. ಬದುಕಿಕೊಳ್ಳಬೇಕಾದವನು ಕೇಳುವವನ ಮುಖ ನೋಡಿ ಮಾತಾಡುವದು ಲೋಕದ ರೂಢಿ. ಸಾಹೇಬರಿಗೆ ದೇವಿಯ ಕಥೆ ಬೇಕೆಂದರೆ ದೇವಿಯು ಬರುವಳು. ಗುಪ್ತಭಾಷೆ ಬೇಕೆಂದರೆ ಶಬ್ದಗಳು ಹೊರಡುವವು. ಸ್ಲೀಮನನು ಅವುಗಳನ್ನು ಕೂಡಿಸಿ 1836ರಲ್ಲಿ ಒಂದು ನಿಘಂಟನ್ನೇ ಪ್ರಕಟಿಸಿದನು. ಅವರು ಹೇಳಿದ್ದೆಲ್ಲವೂ ಸುಳ್ಳೆಂದಲ್ಲ. ಹೂತ ಹೆಣಗಳು ನಿಜವಾಗಿಯೂ ಸಿಕ್ಕವು. ಆದರೆ ಹುಟ್ಟಿನಿಂದಲೇ ಅಪರಾಧಿಯೆಂಬ ಭಾವನೆಯು ಬೇರು ಬಿಟ್ಟದ್ದು ಇಲ್ಲಿಯೇ. 1871ರಲ್ಲಿ ಆ ಭಾವನೆಯು 'ಅಪರಾಧಿ ಬುಡಕಟ್ಟುಗಳ' ಕಾಯದೆಯ ರೂಪ ತಾಳಿತು. ಅದರ ಫಲವಾಗಿ ಕನ್ನಡ ನಾಡಿನಲ್ಲಿಯೂ ಸಂಸಾರ ಸಂಸಾರಗಳೇ ಹುಬ್ಬಳ್ಳಿಯ 'ಸೆಟ್ಲಮೆಂಟ'ನಲ್ಲಿ ಹಾಜರಿ ಕೊಡುತ್ತ ಕಾಲ ಕಳೆದವು. 1952ರಲ್ಲಿ ಕಾಯದೆ ಅಳಿಯಿತು. ಹೆಸರು ಮಾತ್ರ ಜನರ ನಾಲಗೆಯ ಮೇಲೆ ಇನ್ನೂ ಉಳಿದಿದೆ.

ಟೇಲರನ ಬಾಳಿನಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಕಾದಂಬರಿಯು ಹೊರಬಿದ್ದ ಎರಡು ವರುಷಗಳ ಮೇಲೆ ಅವನು ಸುರಪುರದ ಬೇಡ ಸಂಸ್ಥಾನಕ್ಕೆ ಬಂದನು. 1842ರಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಹುಡುಗ. ಹನ್ನೊಂದು ವರುಷ ಟೇಲರನು ಆ ಹುಡುಗನನ್ನು ನೋಡಿಕೊಂಡನು. ಹುಡುಗನು ಅವನನ್ನು 'ಅಪ್ಪಾ' ಎಂದು ಕರೆದನು. ಗುಡ್ಡದ ಮೇಲೆ ಟೇಲರನು ಕಟ್ಟಿಸಿದ ಮನೆಯನ್ನು ಸುರಪುರದವರು ಟೇಲರ್ ಮಂಜಿಲ್ ಎನ್ನುತ್ತಾರೆ. 1857ರಲ್ಲಿ ಉತ್ತರದಿಂದ ನಿಜವಾದ ಗುಪ್ತದೂತರು ಬಂದರು. ಇವರು ದಾರಿಕಾರರ ಗಂಟಿಗೆ ಬಂದವರಲ್ಲ. 1858ರ ಫೆಬ್ರುವರಿಯಲ್ಲಿ ಸುರಪುರವು ಬಿದ್ದಿತು. ತರುಣ ಅರಸನು ಹೈದರಾಬಾದಿನಲ್ಲಿ ಸೆರೆಯಾದನು.

ಅಪ್ಪನು ಮಗನನ್ನು ನೋಡಲು ಸೆರೆಮನೆಗೆ ಹೋದನು. ತನ್ನನ್ನು ಪ್ರೇರಿಸಿದವರ ಹೆಸರು ಹೇಳಿದರೆ ಅರಸನಿಗೆ ದಯೆ ದೊರೆಯಬಹುದಾಗಿತ್ತು. ಹಿಂಗೋಲಿಯಲ್ಲಿ ನೂರಾರು ಸಲ ಮಾಡಿದ ವ್ಯಾಪಾರವೇ ಇದು: ಹೆಸರು ಕೊಡು, ಜೀವ ತೆಗೆದುಕೋ. ವೆಂಕಟಪ್ಪ ನಾಯಕನು ಒಪ್ಪಲಿಲ್ಲ. ಪರರನ್ನು ಸಿಕ್ಕಿಸಿ ಹೇಡಿಯಂತೆ ಬದುಕಲಾರೆನೆಂದನು. ಕೊಲ್ಲುವದಾದರೆ ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿರೆಂದನು. ಮರಣದಂಡನೆಯು ಮೊದಲು ಕರಿನೀರಿನ ಶಿಕ್ಷೆಯಾಗಿ, ಆಮೇಲೆ ಚೆಂಗಲಪಟ್ಟಿನ ಕೋಟೆಯಲ್ಲಿ ನಾಲ್ಕು ವರುಷದ ಸೆರೆಯಾಗಿ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯ ಬೀಡಿನಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸನು ಬಲಿಯಾದನು. ಅವನ ಕೈಯಿಂದಲೇ ಹಾರಿತೆಂದು ಸರಕಾರಿ ಹೇಳಿಕೆ, ಸುರಪುರದ ಜನರು ಅದನ್ನು ನಂಬಲಿಲ್ಲ. ಇಪ್ಪತ್ತನಾಲ್ಕನೆಯ ವರುಷದಲ್ಲಿ ಅವನಿಗೆ ಗಂಡಾಂತರವಿದೆಯೆಂದು ಜಾತಕದಲ್ಲಿ ಬರೆದಿದ್ದುದನ್ನು ಆಸ್ಥಾನದ ಬ್ರಾಹ್ಮಣನು ಬಹಳ ಹಿಂದೆಯೇ ಟೇಲರನಿಗೆ ಗುಟ್ಟಾಗಿ ತಿಳಿಸಿದ್ದನು.

ಟೇಲರನು 1876ರಲ್ಲಿ ಫ್ರಾನ್ಸದ ಕಡಲತೀರದ ಮೆಂಟನ್ ಎಂಬ ಊರಲ್ಲಿ ಕಾಲವಾದನು. ಮರುವರುಷ ಮಗಳು ಪ್ರಕಟಿಸಿದ ಅವನ ಆತ್ಮಚರಿತ್ರೆಯಲ್ಲಿ ಈ ಸೆರೆಮನೆಯ ಭೇಟಿಯು ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಅಮೀರ ಅಲಿಯ ಮಾತಿಗೆ ಮೂರು ಸಂಪುಟಗಳು ಸಂದಿದ್ದವು.